ಗೋಡೆಯೊಳಗೆ ಹೋದ ತಂತಿ

ಭಾವ ತೀರಿಕೊಂಡ ಮೇಲೆ ಅಕ್ಕನ ಮಗಳು ಕತ್ತಲಾದರೆ ಕಣ್ಣು ಮುಚ್ಚುತ್ತಿರಲಿಲ್ಲ. ಅವಳ ಜೊತೆ ಅಕ್ಕನಿಗೂ ನಿದ್ದೆಯಿಲ್ಲ.

“ನಿನ್ನ ಭಾವ ಮಾಡಿಕೊಟ್ಟ ಗೊಂಬೆಮನೆಗಾದ್ರೂ ದೀಪ ಹಾಕ್ಕೊಡೋ. ಊರಿಗೆಲ್ಲ ಕರೆಂಟ್ ಕೊಡೋನು ನೀನು!” ಎಂದಳು ಅಕ್ಕ.

ದಿನವಿಡೀ ಏಣಿ ಹತ್ತಿಳಿದು ನನ್ನ ಸೊಂಟ ಬಿದ್ದುಹೋಗಿತ್ತು. ಆದರೂ ಸಂಜೆ ಅವಳ ಮನೆಯಲ್ಲಿ ನೆಲದ ಮೇಲೆ ಕೂತು, ಕಾಳಿನಷ್ಟು ಬಲ್ಬುಗಳನ್ನು ಅಂಟಿಸಿ, ಗೊಂಬೆಮನೆಯ ಟೊಳ್ಳು ಗೋಡೆಯೊಳಗೆ ಕೂದಲೆಳೆಯಂಥ ಜೋಡಿತಂತಿಯನ್ನು ತೂರಿಸತೊಡಗಿದೆ. ಭಾವನೂ ನಾನೂ ಒಟ್ಟಿಗೆ ವೈರಿಂಗ್ ಮಾಡುತ್ತಿದ್ದವರು. ನಾನು ಕೆಳಗಿನಿಂದ ತಳ್ಳಿದರೆ ಅವರು ಮೇಲಿನಿಂದ ಎಳೆಯುತ್ತಿದ್ದರು. ದಣಿವಿಗೋ ಏನೋ, ಹಳೇ ಅಭ್ಯಾಸದಂತೆ “ಎಳೀರಿ ಭಾವ” ಎಂದುಬಿಟ್ಟೆ.

ತಂತಿ ಸರ್ರನೆ ಒಳಗೆ ಹೋಯಿತು. ಗಾಬರಿಯಿಂದ ಹಿಡಿದೆ, ಅತ್ತಲಿಂದ ಮೆಲ್ಲಗೆ ಜಗ್ಗಿತು. ಕೈಬಿಟ್ಟೆ. ಮಡಿಲಲ್ಲಿದ್ದ ಸುರುಳಿ ತಾನಾಗಿ ಬಿಚ್ಚಿಕೊಳ್ಳುತ್ತಲೇ ಹೋಯಿತು.

“ಯಾರ ಹತ್ರ ಮಾತಾಡ್ತಿದ್ದೀಯಾ ಮಾಮ?” ಎಂದು ಮಗು ಕೇಳಿತು.

“ತಂತಿ ಹತ್ರ ಕಣೇ. ಹೇಳಿದ ಮಾತೇ ಕೇಳಲ್ಲ ಇದು.”

ಮೇಲಿನ ಕೋಣೆಯ ತೂತಿನಿಂದ ಹೊರಬಂದದ್ದು ಬೆರಳುದ್ದ ತಂತಿ ಮಾತ್ರ. ಅದನ್ನೇ ಅಲ್ಲಿನ ಬಲ್ಬಿಗೂ, ಕೆಳಗುಳಿದ ತುದಿಯನ್ನು ಬ್ಯಾಟರಿಗೂ ಸೇರಿಸಿದೆ. ದೀಪ ಹತ್ತಿತು, ಮಗು ಮಲಗಿತು. ಅಂದಿನಿಂದ ಅಕ್ಕನೂ ನಿದ್ದೆ ಮಾಡುತ್ತಾಳೆ. ಬಿಚ್ಚಿ ನೋಡಿದರೆ ದೀಪ ಆರುತ್ತದೆಂದು ನಾನು ಕೈ ಹಾಕಿಲ್ಲ. ಗೇಣೆತ್ತರದ ಆ ಗೋಡೆಯೊಳಗೆ ಒಂದು ಸುರುಳಿ ತಂತಿ ಪೂರ್ತಿ ಹೋಗಿದೆ.