ಕತ್ತರಿಸಿದ ಹಸಿರು ತಂತಿ

"ಅಪ್ಪನನ್ನ ಯಾಕೆ ಹೊಡೀತಿದ್ದೀರಾ!"

ಹರ್ಷಿಣಿ ಕಿರುಚಿದ್ದು ಡೆಲ್ಲಿಯ ಮಯೂರ್ ವಿಹಾರ್‌ನ ಆ ಹೌಸಿಂಗ್ ಸೊಸೈಟಿಯ ಇಡೀ ಮಹಡಿಗೆ ಕೇಳಿಸಿತು.

ಬಾಲ್ಕನಿಗೆ ಗಾಜು ಹಾಕಿಸಿ ಅಪ್ಪ ಮಾಡಿಕೊಂಡಿದ್ದ ಪುಟ್ಟ ವರ್ಕ್‌ಶಾಪ್ ಅದು. ಬೆಂಚಿನ ಮೇಲೆ ಅರ್ಧ ಬಿಚ್ಚಿದ ಆಂಪ್ಲಿಫೈಯರ್, ಅದರ ಮೇಲೆ ಬಾಗಿಬಿದ್ದ ಅಪ್ಪ ಸೂರ್ಯನಾರಾಯಣ. ಪಕ್ಕದಲ್ಲಿ ಮಹಂತೇಶ್!

ಅವನ ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಬಲಗೈಯಲ್ಲಿ ಒಂದು ಪ್ಲೈವುಡ್ ತುಂಡು. ಅದರಿಂದ ಅಪ್ಪನ ಮೊಣಕೈಗೆ ಬೀಸಿ ಬೀಸಿ ಹೊಡೆಯುತ್ತಿದ್ದ...

"ಮುಟ್ಟಬ್ಯಾಡ್ರಿ! ಕರೆಂಟ್ ಐತಿ!"

ಇನ್ನೊಂದು ಏಟು ಬಿತ್ತು. ಅಪ್ಪನ ಕೈ ಆ ಪೆಟ್ಟಿಗೆಯಿಂದ ಬಿಟ್ಟು, ದೇಹ ನೆಲಕ್ಕೆ ಕುಸಿಯಿತು. ಹರ್ಷಿಣಿಗೆ ಕರೆಂಟ್ ಎಂಬ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತವನ ಕೆನ್ನೆಗೆ ಫಟಾರೆಂದು ಬಾರಿಸಿದಳು.

ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಮಂಡಿಯೂರಿ ಕೂತು ಅಪ್ಪನ ಎದೆ ಒತ್ತತೊಡಗಿದ.

"ಆಂಬುಲೆನ್ಸ್‌ಗೆ ಫೋನ್ ಮಾಡ್ರಿ... ಬೇಗ!"

ಆಂಬುಲೆನ್ಸ್ ಬಂತು. ಆಸ್ಪತ್ರೆಗೂ ಹೋದರು. ಆದರೆ ಅಪ್ಪ ಉಳಿಯಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಲೇಬೇಕು. ಇಲ್ಲದಿದ್ದರೆ ಆ ಕೆನ್ನೆಯೇಟು ಯಾರನ್ನು ಎಷ್ಟು ನೋಯಿಸಿತು ಎಂದು ನಿಮಗೆ ತಿಳಿಯುವುದಿಲ್ಲ.

ಸೂರ್ಯನಾರಾಯಣರು ಕೇಂದ್ರ ಸರ್ಕಾರದ ಸಚಿವಾಲಯದಲ್ಲಿ ಜೀವನವಿಡೀ ಫೈಲು ತಿದ್ದಿ ನಿವೃತ್ತರಾದವರು. ಜೊತೆಯವರೆಲ್ಲ ಪಾರ್ಕಿನಲ್ಲಿ ವಾಕಿಂಗ್ ಹಿಡಿದರೆ, ಈ ಪುಣ್ಯಾತ್ಮ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಹಿಡಿದರು. ಸ್ಪೀಕರ್ ಪೆಟ್ಟಿಗೆ ತಾವೇ ಕೊಯ್ದು ಅಂಟಿಸುವುದು, ಹಳೇ ಹೊಲಿಗೆ ಯಂತ್ರದ ಚಕ್ರದಿಂದ ತಂತಿ ಸುತ್ತುವ ಮೆಷಿನ್ ಮಾಡುವುದು... ಒಂದಾ ಎರಡಾ!

"ಅಂಗಡಿಯಲ್ಲಿ ರೆಡಿಮೇಡ್ ಸಿಗಲ್ವಾ ಅಪ್ಪಾ?"

"ಸಿಗುತ್ತೆ ಹರ್ಷಿ. ಆದ್ರೆ ಅದು ನಾನು ಮಾಡಿದ್ದಲ್ಲವಲ್ಲ."

ಕೆಂಪುಕೋಟೆಯ ಎದುರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟಿನಲ್ಲಿ, ಯಾವುದೋ ತುಕ್ಕು ಹಿಡಿದ ಟ್ರಾನ್ಸ್‌ಫಾರ್ಮರ್ ಕೈಯಲ್ಲಿ ಹಿಡಿದು ಅವರು ಕನ್ನಡದಲ್ಲಿ ಗೊಣಗುತ್ತಿದ್ದಾಗಲೇ ಮಹಂತೇಶ್ ಸಿಕ್ಕಿದ್ದು. ಬಾಗಲಕೋಟೆ ಕಡೆಯ ಹುಡುಗ, ಡೆಲ್ಲಿ ಹೊರಗಿನ ಮಾನೇಸರ್‌ನ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರ್. ಅವನಿಗೂ ಅದೇ ಹುಚ್ಚು. ಅಂದಿನಿಂದ ಶನಿವಾರ ಬಂತೆಂದರೆ ಅವನು ಮೆಟ್ರೋ ಹತ್ತಿ ಬಂದುಬಿಡುತ್ತಿದ್ದ.

ಮೊದಮೊದಲು ಹರ್ಷಿಣಿ ಅವರನ್ನು 'ಇಬ್ಬರು ಪಾಗಲ್‌ಗಳು' ಎನ್ನುತ್ತಿದ್ದಳು. ಆಮೇಲಾಮೇಲೆ ಶನಿವಾರ ಕಣ್ಣಿಗೆ ಕಾಡಿಗೆ ಬೀಳತೊಡಗಿತು. ಡೆಲ್ಲಿಯಲ್ಲೇ ಹುಟ್ಟಿ ಬೆಳೆದ ಅವಳ ಅರೆಬರೆ ಕನ್ನಡ ಕೇಳಿ ಅವನು ನಗುವುದೂ, ಅವಳು ಮುನಿಸಿಕೊಂಡು ಚಹಾ ಕುಕ್ಕಿ ಇಡುವುದೂ, ಅಮ್ಮ ವಾಸಂತಿ ಅಡುಗೆಮನೆಯಿಂದ ಎಲ್ಲ ನೋಡಿಯೂ ನೋಡದಂತೆ ಇರುವುದೂ ನಡೆದೇ ಇತ್ತು. ಯಾರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ ಅಷ್ಟೇ.

ಆ ಸುಖಕ್ಕೆ ಒಂದೇ ಒಂದು ಕಾಟವಿತ್ತು. ಹೊಸ ಆಂಪ್ಲಿಫೈಯರ್ ಹಾಕಿದೊಡನೆ ಸ್ಪೀಕರಿನಲ್ಲಿ ಗುಂಯ್ಯ್... ಎಂಬ ಸದ್ದು! ಗೋಡೆಯ ಆಚೆ ಹರ್ಷಿಣಿಯ ಆಫೀಸ್ ಮೀಟಿಂಗ್. ತಿಂಗಳ ಕೊನೆ, ಶನಿವಾರವೂ ಕೆಲಸ. ಅವತ್ತು ಬೆಳಿಗ್ಗೆ ಅವಳ ಸಹನೆಯ ಕಟ್ಟೆಯೊಡೆಯಿತು.

"ಅಪ್ಪಾ, ಕ್ಲೈಂಟ್ ಕೇಳ್ತಿದ್ದಾರೆ, ಮನೆಯೊಳಗೆ ಜನರೇಟರ್ ಇದೆಯಾ ಅಂತ! ಇದನ್ನ ನಿಲ್ಸಿ, ಇಲ್ಲಾಂದ್ರೆ ನಾನೇ ಗುಜರಿ ಕಬಾಡಿಗೆ ಹಾಕ್ತೀನಿ!"

"ಆಯ್ತು ಮಗಳೇ. ಮಹಂತೇಶ ಬರ್ತಾನೆ, ಇವತ್ತು ನಿಲ್ಲುತ್ತೆ."

ಅವಳು ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಬಡಿದಳು. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಹೆಡ್‌ಫೋನ್ ತೆಗೆದಾಗ ಸದ್ದು ನಿಂತೇಹೋಗಿತ್ತು. 'ಶುಕರ್ ಹೈ, ಸದ್ಯ ಬಚಾವಾದೆ' ಎಂದುಕೊಂಡಳು. ಅದಾಗಿ ಎಷ್ಟೋ ಹೊತ್ತಿನ ಮೇಲೆ ಮಹಂತೇಶ್ ಬಂದು ಬೆಲ್ ಮಾಡಿದ್ದು. ಅಮ್ಮ ಬಾಗಿಲು ತೆಗೆದಳು. ಅವನು ಒಳಹೋದ ಕ್ಷಣವೇ ಬಾಲ್ಕನಿಯಿಂದ ಅವನ ಕೂಗು ಕೇಳಿ ಹರ್ಷಿಣಿ ಓಡಿದ್ದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಹರ್ಷಿಣಿ ಅಮ್ಮನ ಮಡಿಲಲ್ಲಿ ಮುಖವಿಟ್ಟು ಗೋಳಾಡಿದಳು.

"ಬೆಳಿಗ್ಗೆ ಬೈದೆ ಅಮ್ಮಾ... ಕಬಾಡಿಗೆ ಹಾಕ್ತೀನಿ ಅಂದೆ... ಅದೇ ನಾನು ಕೊನೇಗೆ ಹೇಳಿದ್ದು!"

ಮನೆ ನೋಡಿಬಂದ ಪೊಲೀಸರು ಆಗ ಕೇಳಿದರು. ಪೆಟ್ಟಿಗೆಯೊಳಗಿನ ಹಸಿರು ತಂತಿ, ಅದೇ ಅರ್ಥಿಂಗ್ ವೈರ್, ಕತ್ತರಿಸಿದೆ. ಕತ್ತರಿಸಿದವರು ಯಾರು?

ಆ ಹಸಿರು ತಂತಿಯ ಕೆಲಸ ಇಷ್ಟೇ. ಪೆಟ್ಟಿಗೆಯ ತಗಡಿಗೆ ಕರೆಂಟ್ ಸೋರಿದರೆ ಅದನ್ನು ನೆಲಕ್ಕೆ ಇಳಿಸಿ ಜೀವ ಉಳಿಸುವುದು. ಅದನ್ನು ಕತ್ತರಿಸಿದರೆ ಎಷ್ಟೋ ಸಲ ಆ ಗುಂಯ್ ಸದ್ದು ನಿಂತುಹೋಗುತ್ತದೆ. ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವವರಿಗೆಲ್ಲ ಗೊತ್ತಿರುವ ಹಾಳು ಅಡ್ಡದಾರಿ! ಮಾಡಬಾರದು ಅಂತ ಎಲ್ಲರೂ ಹೇಳುತ್ತಾರೆ. 'ಇವತ್ತೊಂದು ದಿನ' ಅಂತ ಮಾಡುವವರೂ ಅವರೇ.

ಮಹಂತೇಶ್ ಗೋಡೆಗೆ ಒರಗಿದ್ದವನು ಮುಂದೆ ಬಂದ.

"ಹೋದ ಸಲ ಬಂದಾಗ ನಾನೇ ಕತ್ತರಿಸಿದ್ದು."

ಅಷ್ಟೇ. ವಾಸಂತಿ ಮಗಳನ್ನು ಸರಿಸಿ ಎದ್ದು ನಿಂತರು.

"ಮನೆ ಮಗನ ಹಾಗೆ ನೋಡ್ಕೊಂಡೆನಲ್ಲೋ! ನನ್ನ ಮನೆಯನ್ನೇ ಹಾಳು ಮಾಡಿಬಿಟ್ಯಾ... ಇನ್ನು ಆ ಹೊಸ್ತಿಲು ತುಳೀಬೇಡ!"

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಮಹಂತೇಶ್ ತಲೆ ತಗ್ಗಿಸಿ ಹೊರಟುಹೋದ.

ಡೆಲ್ಲಿಯ ಚಳಿಗಾಲ ಬಂತು. ಹೊಗೆ ಕವಿದು ಎದುರಿನ ಬಿಲ್ಡಿಂಗೂ ಕಾಣದ ದಿನಗಳು. ಅಮ್ಮ ಮಗಳ ನಡುವೆ ಮಾತೇ ಇಲ್ಲ. ಇಬ್ಬರ ಊಟಕ್ಕೆ ಕುಕ್ಕರ್ ಇಡಲೂ ಬೇಜಾರು.

ಹರ್ಷಿಣಿ ಅವನ ನಂಬರ್ ಬ್ಲಾಕ್ ಮಾಡಿದ್ದಳು. ಆದರೆ ಶನಿವಾರ ಬೆಲ್ ಆದರೆ ಸಾಕು, ಹಾಳು ಎದೆ ಧಸಕ್ಕೆನ್ನುತ್ತಿತ್ತು.

'ಅಪ್ಪನ್ನ ಕೊಂದವನಿಗಾಗಿ ಕಾಯ್ತೀಯಾ? ನಾಚಿಕೆ ಆಗಲ್ವಾ ನಿನಗೆ?'

ನಾಚಿಕೆಯೂ ಆಗುತ್ತಿತ್ತು. ಕಾಯುವುದೂ ನಿಲ್ಲುತ್ತಿರಲಿಲ್ಲ.

ಕೊನೆಗೊಂದು ದಿನ ಬಾಲ್ಕನಿ ಖಾಲಿ ಮಾಡೋಣವೆಂದು ಅಮ್ಮ ಹೇಳಿ ದೇವಸ್ಥಾನಕ್ಕೆ ಹೋದಳು. ಹರ್ಷಿಣಿ ಕಬಾಡಿ ಭಯ್ಯಾನನ್ನು ಕರೆಸಿದಳು. ಸ್ಪೀಕರ್, ತಂತಿಯ ಉರುಳೆ, ಎಲ್ಲ ಗೋಣಿಗೆ ಬಿದ್ದವು. ಉಳಿದದ್ದು ಆಂಪ್ಲಿಫೈಯರ್. ಅದನ್ನು ಎತ್ತಿದಾಗ ಅಡಿಯ ತಗಡು ಕಳಚಿತು.

ಒಳಗೆ ಹಸಿರು ತಂತಿ. ಅದರ ಕತ್ತರಿಸಿದ ತುದಿಯನ್ನು ಮಡಚಿ, ಉಳಿದ ವೈರುಗಳ ಜೊತೆ ಒಂದು ದಾರದಿಂದ ಬಿಗಿದಿತ್ತು. ಸರ್ಕಾರಿ ಫೈಲುಗಳಿಗೆ ಪೋಣಿಸುವ ಟ್ಯಾಗ್ ದಾರ!

ಹರ್ಷಿಣಿ ಆ ಗಂಟನ್ನು ಬೆರಳಿನಿಂದ ಮುಟ್ಟಿದಳು.

ಸರ್ಕಾರಿ ನೌಕರಿ ಬಿಟ್ಟರೂ ಅಪ್ಪ ಆ ದಾರ ಬಿಟ್ಟಿರಲಿಲ್ಲ. ಯಾವ ವೈರನ್ನಾದರೂ ಅದರಲ್ಲೇ ಕಟ್ಟುವುದು, ಎರಡು ಗಂಟು, ಮೇಲೊಂದು ಕುಣಿಕೆ. ಮಹಂತೇಶನಿಗೆ ಆ ತಾಳ್ಮೆಯೇ ಇರಲಿಲ್ಲ. ಪ್ಲಾಸ್ಟಿಕ್ ಪಟ್ಟಿ ಎಳೆದು ಬಿಗಿದು ಮುಂದಕ್ಕೆ ಹೋಗುತ್ತಿದ್ದ. ಅದಕ್ಕೇ ಅಪ್ಪ ಅವನನ್ನು ಗದರುತ್ತಿದ್ದದ್ದು!

ಮತ್ತೆ... ಅವತ್ತು ಸದ್ದು ನಿಂತದ್ದು ಯಾವಾಗ? ಅವತ್ತೇ, ಅವನು ಬರುವುದಕ್ಕೂ ಎಷ್ಟೋ ಮುಂಚೆ. ಅವನು ಹೋದ ಸಲವೇ ಕತ್ತರಿಸಿದ್ದರೆ ಬೆಳಿಗ್ಗೆ ಆ ಸದ್ದೇ ಇರುತ್ತಿರಲಿಲ್ಲ.

'ಕತ್ತರಿಸಿದ್ದು ಅಪ್ಪ. ನಾನು ಬೈದೆ ಅಂತ. ನನಗೋಸ್ಕರ...'

ಅವಳು ಗೋಣಿಚೀಲದ ಪಕ್ಕದಲ್ಲೇ ಕುಸಿದಳು.

"ದೀದಿ, ದೇನಾ ಹೈ ಯಾ ನಹೀ?" ಕೊಡುತ್ತೀರೋ ಇಲ್ಲವೋ ಎಂದು ಕಬಾಡಿಯವನು ಕೇಳಿದ.

"ನಹೀ ಭಯ್ಯಾ... ಆಪ್ ಜಾಯಿಯೇ," ಎಂದು ಅವನನ್ನು ಕಳಿಸಿಬಿಟ್ಟಳು.

ಮರುದಿನ ಸಂಜೆ ಮಾನೇಸರ್‌ನ ಕಾರ್ಖಾನೆಯ ಗೇಟಿನೆದುರು ಹರ್ಷಿಣಿ ನಿಂತಿದ್ದಳು. ಶಿಫ್ಟ್ ಬಿಟ್ಟು ಜನ ಹೊರಬರುತ್ತಿದ್ದರು. ಅವರ ನಡುವೆ ಮಹಂತೇಶ್... ಗುರುತೇ ಸಿಗದಷ್ಟು ಸೊರಗಿದ್ದ. ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟ.

"ಅಮ್ಮಾರು ಆರಾಮದಾರಾ?" ಎಂದ.

"ಸುಳ್ಳು ಯಾಕೆ ಹೇಳಿದ್ರಿ?"

"ಯಾವ ಸುಳ್ಳು?"

"ಮಹಂತೇಶ್, ನಾನು ಒಳಗೆ ನೋಡಿದೆ. ಟ್ಯಾಗ್ ದಾರ ನೋಡಿದೆ."

ಅವನ ಮುಖ ಬಿಳಿಚಿಕೊಂಡಿತು. ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ನೀವು ನೋಡಬಾರದಿತ್ತರಿ," ಎಂದ ಮೆಲ್ಲಗೆ. "ಆಸ್ಪತ್ರೆಯಲ್ಲಿ ನೀವು ಅಳೋದು ಕೇಳಿಸ್ತು. ಬೈದೆ ಬೈದೆ ಅಂತಿದ್ರಿ. ಅದೇ ಹೊತ್ತಿಗೆ ಪೊಲೀಸರು ಕೇಳಿದ್ರು. ಸರ್ ಕತ್ತರಿಸಿದ್ರು ಅಂದ್ರೆ, ಯಾಕೆ ಅಂತ ನಿಮಗೆ ಅಲ್ಲೇ ಗೊತ್ತಾಗ್ತಿತ್ತು. ನೀವು ಬದುಕ್ತಿರಲಿಲ್ಲರಿ ಆಮೇಲೆ. ನನ್ನ ಮೇಲೆ ಸಿಟ್ಟು ಮಾಡ್ಕೊಂಡಾದ್ರೂ ಇರಲಿ ಅನಿಸ್ತು."

"ಅದನ್ನ ಡಿಸೈಡ್ ಮಾಡೋಕೆ ನೀವ್ಯಾರು?" ಹರ್ಷಿಣಿಯ ದನಿ ಒಡೆಯಿತು. "ನಿಮ್ಮನ್ನ ಹೊಡೆದೆ. ಅಮ್ಮ ಅಷ್ಟು ಬೈದ್ಲು! ಎಲ್ಲ ಕೇಳ್ಕೊಂಡು ಸುಮ್ನೆ ಹೊರಟುಹೋದ್ರಲ್ಲ! ನನಗೆ ಅಪ್ಪನೂ ಹೋದ್ರು, ನೀವೂ ಹೋದ್ರಿ. ಇದೇನಾ ನೀವು ಮಾಡಿದ ಉಪಕಾರ?"



"ಪೂರ್ತಿ ಸುಳ್ಳೂ ಅಲ್ಲ ಅದು," ಎಂದ ಮಹಂತೇಶ್. "ಹಿಂದಿನ ಶನಿವಾರಾನೇ ಬಂದು ಆ ಸದ್ದು ಸರಿ ಮಾಡ್ತೀನಿ ಅಂದಿದ್ದೆ. ಓವರ್‌ಟೈಮ್ ಅಂತ ಬರಲಿಲ್ಲ. ಬಂದಿದ್ರೆ ಸರ್ ಆ ತಂತಿಗೆ ಕೈ ಹಾಕ್ತಿರಲಿಲ್ಲ. ಅವತ್ತಿನಿಂದ ಏನೂ ಮಾಡಿಲ್ಲರಿ ನಾನು. ಸೋಲ್ಡರಿಂಗ್ ಐರನ್ನೇ ಮುಟ್ಟಿಲ್ಲ."

"ಮತ್ತೆ... ಅವತ್ತು ಜೇಬಿನಲ್ಲಿ ಕೈ?"

"ಕರೆಂಟ್ ಇರೋ ಕಡೆ ಒಂದು ಕೈ ಜೇಬಿನಲ್ಲಿರಬೇಕು. ಎರಡೂ ಕೈ ತಗುಲಿದ್ರೆ ಎದೆ ಮೂಲಕ ಹೋಗುತ್ತೆ. ಸರ್ ಹೇಳಿಕೊಟ್ಟದ್ದೇ ಅದು. ಗೊತ್ತಿಲ್ಲದೇ ಕೈ ಹೋಗಿಬಿಡ್ತು." ಅವನ ಕಣ್ಣು ತುಂಬಿತು. "ಎರಡೂ ಕೈಯಿಂದ ಹಿಡಿದು ಎಳೆದಿದ್ರೆ ಉಳೀತಿದ್ರೇನೋ ಅಂತ ದಿನಾ ಅನಿಸುತ್ತೆ."

"ಹಾಗೆ ಮಾಡಿದ್ರೆ ನೀವೂ ಹೋಗ್ತಿದ್ರಿ!" ಅವಳು ಅವನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಸುತ್ತ ಜನ ನೋಡುತ್ತಿದ್ದರೂ ಬಿಡಲಿಲ್ಲ. "ನಾನು ನಿಮ್ಮನ್ನ ಪ್ರೀತಿಸ್ತೀನಿ ಮಹಂತೇಶ್. ದ್ವೇಷ ಮಾಡಿದ ದಿನಗಳಲ್ಲೂ ಪ್ರೀತಿಸಿದೆ. ಅದಕ್ಕೇ ಅಷ್ಟು ನೋವಾಯ್ತು."

ಅವನು ಬಿಕ್ಕಿದ. ದೊಡ್ಡ ಗಂಡಸು, ಕಾರ್ಖಾನೆಯ ಗೇಟಿನ ಮುಂದೆ ಮಗುವಿನ ಹಾಗೆ ಅತ್ತ.

"ಚಲೋ," ಎಂದಳು ಹರ್ಷಿಣಿ ಕಣ್ಣೊರೆಸಿಕೊಂಡು. "ಮನೆಗೆ. ಅಮ್ಮನಿಗೆ ಹೇಳಬೇಕು."

"ಬ್ಯಾಡ್ರಿ! ಅವರು ತಡ್ಕೊಳ್ಳಲ್ಲ. ನಿಮ್ಮ ಮೇಲೆ..."

"ನನ್ನ ಮೇಲೆ ಸಿಟ್ಟಾಗಲಿ. ನಿಜವಾಗಿ ಬೈಸಿಕೊಳ್ಳಬೇಕಾದವಳು ನಾನು. ನೀವು ಪಕ್ಕದಲ್ಲಿ ನಿಲ್ಲಿ, ಅಷ್ಟೇ ಸಾಕು."

ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ನನಗೆ ಉಳಿದಿರುವುದು ಅಮ್ಮನೊಬ್ಬಳೇ, ಇವತ್ತು ಅವಳೂ ಮುಖ ತಿರುಗಿಸಿದರೆ?

ಬಾಗಿಲು ತೆರೆದ ವಾಸಂತಿ ಮಹಂತೇಶನನ್ನು ನೋಡಿ ಕಲ್ಲಾದರು. ಹರ್ಷಿಣಿ ಒಳಗೆ ಕಾಲಿಡದೆ ನಿಂತಲ್ಲೇ ಎಲ್ಲ ಹೇಳಿದಳು. ದಾರ, ಗಂಟು, ಬೆಳಗಿನ ಜಗಳ, ಇವನು ಹೊತ್ತುಕೊಂಡ ಅಪವಾದ. ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡಳು.

"ನಾನು ಬೈದಿದ್ದಕ್ಕೇ ಅಪ್ಪ ಹೋದ್ರಮ್ಮಾ..."

ವಾಸಂತಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು.

"ನೀನೊಬ್ಬಳೇ ಬೈದದ್ದು ಅಂದ್ಕೊಂಡ್ಯೇನೇ?" ದನಿ ಪಾತಾಳದಿಂದ ಬಂದಂತಿತ್ತು. "ನೀನು ಬಾಗಿಲು ಹಾಕ್ಕೊಂಡ ಮೇಲೆ ನಾನು ಬಾಲ್ಕನಿಗೆ ಹೋದೆ. 'ಮಹಂತೇಶ ಬರೋವರೆಗೂ ಕಾಯಬೇಡಿ, ಮಗು ಕೆಲಸ ಕಳ್ಕೋತಾಳೆ, ಹೇಗಾದ್ರೂ ಮಾಡಿ ಈಗಲೇ ನಿಲ್ಲಿಸಿ' ಅಂದೆ. ಆಯ್ತು ಕಣೇ ಅಂದ್ರು. ಅಷ್ಟೇ ನಮ್ಮ ಕೊನೇ ಮಾತು."

"ಅಮ್ಮಾ!"

"ಇವನು ನಾನೇ ಕತ್ತರಿಸಿದ್ದು ಅಂದಾಗ ನನಗೆ ಸಮಾಧಾನ ಆಯ್ತು ಹರ್ಷಿ. ಬೇರೆ ಯಾರದೋ ತಪ್ಪು ಅಂತ! ಅದನ್ನೇ ಹಿಡ್ಕೊಂಡು ಇಷ್ಟು ದಿನ ಬದುಕಿದೆ." ಅವರು ಮಹಂತೇಶನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. "ಎಂಥಾ ಮಾತು ಆಡಿಬಿಟ್ಟೆನಲ್ಲೋ ನಿನಗೆ... ಒಳಗೆ ಬಾ ಮಗಾ."

ಮೂವರೂ ಅಪ್ಪನ ಫೋಟೋದ ಮುಂದೆ ಕೂತು ಮನಸಾರೆ ಅತ್ತರು. ಯಾರ ದುಃಖವೂ ಕರಗಲಿಲ್ಲ. ಆದರೆ ಒಬ್ಬರನ್ನೊಬ್ಬರು ನೋಡಲು ಇನ್ನು ಹೆದರಬೇಕಾಗಿರಲಿಲ್ಲ. ಕೊನೆಗೆ ವಾಸಂತಿ ಸೆರಗಿನಿಂದ ಮುಖ ಒರೆಸಿಕೊಂಡು ಅಕ್ಕಿ ತೊಳೆಯಲು ಎದ್ದರು.

ಹರ್ಷಿಣಿ ಅವನ ಪಕ್ಕ ಸರಿದು ಕೂತಳು.

"ಊಟ ಮಾಡಿ ಹೊರಟುಹೋಗ್ತೀರಾ?"

"ಕಡೇ ಮೆಟ್ರೋ ಹಿಡೀಬೇಕಲ್ರಿ. ನಾಳೆ ಮತ್ತೆ ಬರ್ತೀನಿ."

"ಬಂದು ಹೋಗೋದು ಸಾಕಾಯ್ತು ನನಗೆ..." ಅವಳು ತಲೆಯೆತ್ತಿ ಅವನ ಕಣ್ಣಲ್ಲೇ ನೋಡಿದಳು. "ಇರ್ತೀರಾ ಅಂತ ಕೇಳ್ತಿದ್ದೀನಿ. ನಮ್ಮ ಜೊತೆ, ಯಾವಾಗಲೂ. ಇರ್ತೀರಾ?"

ಅವನು ಅವಳ ಕೈ ಹಿಡಿದುಕೊಂಡ.

"ಇರ್ತೀನಿ ಹರ್ಷಿಣಿ. ನೀನು ಹೋಗು ಅಂದ್ರೂ ಇರ್ತೀನಿ."