ತೇವ ಉಳಿದ ಕ್ಯುವೆಟ್

ನೀರು ಪರೀಕ್ಷಿಸುವ ಯಂತ್ರದ ಪರದೆಯ ಮೇಲೆ ಗೆರೆ ಗೋಪುರದಂತೆ ಎದ್ದಿತು. ಲ್ಯಾಬ್ ಮೇಡಂ ಉಸಿರು ಬಿಗಿಹಿಡಿದಳು.

ಪಂಪ್‌ಹೌಸ್ ಪಕ್ಕದ ಡೀಸೆಲ್ ಟ್ಯಾಂಕ್ ಸೋರಿದೆಯೆಂಬ ಗುಮಾನಿಯಿತ್ತು. ಕೊಳವೆಬಾವಿಯ ನೀರಿಗೆ ಬೆಂಜೀನ್ ಜಾತಿಯ ಅಂಶ ಸೇರಿದ್ದರೆ ಅದು ನೇರಳಾತೀತ ಬೆಳಕನ್ನು ಹೀರುತ್ತದೆ. ಹೀರಿದಷ್ಟೂ ಗೆರೆ ಮೇಲೇಳುತ್ತದೆ.

ನೀರು ತಂದಿದ್ದ ಪಂಪ್ ಆಪರೇಟರ್ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಪ್ರತಿ ವಾರ ಬಾಟಲಿ ಕೊಡುವ ನೆಪದಲ್ಲಿ ನೋಡುವವನೇ. ಇಂದು ಕಣ್ಣಲ್ಲಿ ತುಂಟತನವಿರಲಿಲ್ಲ.

"ಕೆಟ್ಟಿದೆಯಾ?"

"ಇನ್ನೊಂದು ಸಲ ನೋಡ್ಬೇಕು. ಅಲ್ಲೀವರೆಗೆ ಏನೂ ಮಾಡ್ಬೇಡಿ."

ಅವನು ಹೊರಗೆ ಹೋಗಿ ಫೋನ್ ಮಾಡಿ ಬಂದ. "ವಾಲ್ವ್ ಮುಚ್ಚಿಸ್ದೆ."

"ರಿಪೋರ್ಟ್ ಇಲ್ದೆ ಮುಚ್ಚಿದ್ರೆ ಸಸ್ಪೆಂಡ್ ಅಂತ ಸಾಹೇಬ್ರು ಹೇಳಿರ್ಲಿಲ್ವಾ?"

"ಹೇಳಿದ್ರು. ನಿಮ್ಮ ಮುಖ ನೋಡಿದ್ಮೇಲೆ ಆ ನೀರನ್ನ ಜನಕ್ಕೆ ಬಿಡೋಕೆ ಮನಸ್ಸು ಬರ್ಲಿಲ್ಲ."

ಅಷ್ಟರಲ್ಲೇ ಅವನ ಫೋನು ಬಡಿದುಕೊಂಡಿತು. "ಅತ್ತಿಗೆ. ಅಣ್ಣ ಮೈತುಂಬ ಸೋಪು ಹಚ್ಕೊಂಡು ನಿಂತಿದಾನಂತೆ."

ಅವಳಿಗೆ ನಗು ಬರಲಿಲ್ಲ. ಕಣ್ಣು ಮೇಜಿನ ಮೇಲಿದ್ದ ಅಸಿಟೋನ್ ಬಾಟಲಿಯತ್ತ ಹೋಯಿತು. ನೀರು ತುಂಬಿ ಯಂತ್ರದೊಳಗಿಡುವ ಪುಟ್ಟ ಕ್ವಾರ್ಟ್ಜ್ ಗಾಜಿನ ಪಾತ್ರೆ, ಕ್ಯುವೆಟ್ಟನ್ನು ಅವಳು ಅದರಲ್ಲಿ ತೊಳೆಯುತ್ತಿದ್ದಾಗಲೇ ಅವನು ಒಳಗೆ ಬಂದಿದ್ದ. ಒಣಗಲು ಬಿಡದೆ ನೀರು ತುಂಬಿಬಿಟ್ಟಿದ್ದಳು. ಅಸಿಟೋನ್ ಕೂಡ ಅದೇ ಬೆಳಕನ್ನು ಹೀರುತ್ತದೆ.

ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒಣಗಿಸಿ, ಅದೇ ಬಾಟಲಿಯ ನೀರು ತುಂಬಿದಳು. ಗೆರೆ ನೆಲ ಬಿಟ್ಟೇಳಲಿಲ್ಲ. ಇನ್ನೊಮ್ಮೆ ನೋಡಿದಳು. ಅದೇ ನೆಲ.

ಮತ್ತೆ ಫೋನ್. ಈ ಸಲ ಸಾಹೇಬರು. ಬೈಗುಳ ಫೋನಿನ ಹೊರಗೂ ಕೇಳಿಸುತ್ತಿತ್ತು. ಅವಳು ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

"ಸಾರ್, ನೀರಲ್ಲಿ ಡೀಸೆಲ್ ಇಲ್ಲ. ಮೊದಲ ರೀಡಿಂಗ್ ತಪ್ಪು ತೆಗೆದಿದ್ದು ನಾನು. ಬರೆದು ಕೊಡ್ತೀನಿ, ಇವರನ್ನ ಬಿಟ್ಬಿಡಿ."

"ಯಾವತ್ತೂ ಇಲ್ಲದ್ದು ಇವತ್ತು ಹೇಗಾಯ್ತಮ್ಮಾ?"

"ಗಮನ ಬೇರೆ ಕಡೆ ಇತ್ತು, ಸಾರ್."

ಸಾಹೇಬರ ದನಿ ಇಳಿಯಿತು. "ಬರೆದು ಕಳ್ಸು. ಅವನಿಗೆ ಮೊದ್ಲು ವಾಲ್ವ್ ತೆಗೆಸೋಕೆ ಹೇಳು."

ಅವನು ವಾಲ್ವ್ ತೆಗೆಸಿ, ಫೋನ್ ಜೇಬಿಗಿಟ್ಟ. "ಗಮನ ಯಾವ ಕಡೆ ಇತ್ತು?"

"ಬಾಗಿಲ ಕಡೆ."

ಅವನ ಕಿವಿ ಕೆಂಪಾಯಿತು. "ಹಾಗಾದ್ರೆ ಮುಂದಿನ ವಾರ ಹೊರಗೇ ನಿಂತ್ಕೊಳ್ಲಾ?"

ಅವಳು ಕ್ಯುವೆಟ್ ತೊಳೆದು ಟಿಶ್ಯೂ ಮೇಲೆ ಬೋರಲು ಹಾಕಿದಳು.

"ಬೇಡ. ಒಳಗೇ ಕೂತ್ಕೊಳ್ಳಿ. ಇದು ಒಣಗೋ ತನಕ."