ಗಾಳಿ ತುಂಬುವವರೆಗೆ

ಗಾಡಿ ನನ್ನ ಮೇಲೆ ಇಳಿಯುತ್ತಿತ್ತು.

ಸದ್ದೇನೂ ದೊಡ್ಡದಲ್ಲ. ಸುಸ್ಸ್... ಅಷ್ಟೇ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ.

ಎರಡೂವರೆ ಟನ್ ಕಬ್ಬಿಣ. ಅದರ ಕೆಳಗೆ ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ನಾನು ಅಂಗಾತ. ಕೈಯಲ್ಲಿ ಸೋಪಿನ ನೀರಿನ ಬಾಟಲಿ. ಮೂಗಿಗೂ ಚಾಸಿಗೂ ನಡುವೆ ಒಂದು ಗೇಣು ಜಾಗವಿತ್ತು. ಈಗ ಆರು ಬೆರಳು.

"ಮೇಷ್ಟ್ರೇ, ಗಾಡಿ ಇಳೀತಿದೆ."

"ಗೊತ್ತು ಅಮ್ಮಾ."

"ನಾನು ಕೆಳಗಿದೀನಿ!"

"ಅದೂ ಗೊತ್ತು."

ಐದು ಬೆರಳು.

ಭಯ ಬರಬೇಕಿತ್ತು. ಬರಲಿಲ್ಲ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವವಳು ನಾನು. ಅಣ್ಣ ಸತ್ತ ಮೇಲೆ ಆ ಭಯವೂ ಮರಗಟ್ಟಿದೆ. ಬಾಗಿಲು ಎಳೆದು ನೋಡುವುದು ಮಾತ್ರ ಉಳಿದಿದೆ.

ನನ್ನ ಕೆಲಸ ಕೇಳಿದಿರಲ್ಲ? ಇನ್ಶೂರೆನ್ಸ್ ಕಂಪನಿಗೆ ಅಪಘಾತದ ಗಾಡಿಗಳನ್ನು ನೋಡಿ ವರದಿ ಕೊಡುತ್ತೇನೆ. ಡ್ರೈವರ್ ಒಂದು ಹೇಳುತ್ತಾನೆ, ಬಂಪರ್ ಇನ್ನೊಂದು ಹೇಳುತ್ತದೆ. ನಾನು ಬಂಪರನ್ನು ನಂಬುತ್ತೇನೆ. ಸುಳ್ಳು ಹಿಡಿಯುವುದಕ್ಕೆ ನನಗೆ ಸಂಬಳ.

ಈ ಗಾಡಿ ಅಣ್ಣನದು. ಇಪ್ಪತ್ತೆರಡು ವರ್ಷ ಹಳೆಯ ಫೋರ್ ವೀಲ್ ಡ್ರೈವ್. ಲೆದರ್ ಸೀಟು, ಡ್ಯಾಶ್‌ಬೋರ್ಡಿಗೆ ಅಸಲಿ ಮರ. ಹೊಸದರಲ್ಲಿ ಮಂತ್ರಿಗಳು ಓಡಾಡುವಂಥ ಗಾಡಿ. ಈಗ ಎಣ್ಣೆ ಸೋರುತ್ತದೆ, ನೀರು ಸೋರುತ್ತದೆ, ಸನ್‌ರೂಫ್ ತೆರೆದರೆ ಮುಚ್ಚುವುದಿಲ್ಲ. ಇದಕ್ಕೆ ಸ್ಪ್ರಿಂಗ್ ಇಲ್ಲ. ನಾಲ್ಕೂ ಚಕ್ರದ ಮೇಲೆ ರಬ್ಬರಿನ ಗಾಳಿ ಬ್ಯಾಗ್‌ಗಳು. ಸ್ವಿಚ್ ಒತ್ತಿದರೆ ಏಳುತ್ತದೆ, ಒತ್ತಿದರೆ ಕೂರುತ್ತದೆ. ಬ್ಯಾಗ್ ಹಳೆಯದಾದರೆ ತಾನಾಗಿಯೇ ಕೂರುತ್ತದೆ. ನಿಲ್ಲಿಸಿ ಆರು ಗಂಟೆ ಬಿಟ್ಟು ಬಂದು ನೋಡಿ, ಎಡಗಡೆ ಹಿಂಭಾಗ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ವಾಲಿರುತ್ತದೆ.

ಅದಕ್ಕೇ ಮೇಷ್ಟ್ರು ಎರಡು ಮರದ ದಿಮ್ಮಿ ಕಡಿಸಿ ಡಿಕ್ಕಿಯಲ್ಲಿಟ್ಟಿದ್ದರು. ಅಡಿ ಎತ್ತರ, ತುದಿಗೆ ಹಳದಿ ಬಣ್ಣ. ಮೇಷ್ಟ್ರು ಅಂದರೆ ಮೆಕ್ಯಾನಿಕ್. ರಿಪೇರಿಗಿಂತ ಪಾಠ ಜಾಸ್ತಿ, ಹಾಗಾಗಿ ಆ ಹೆಸರು. ನನಗೆ ಹೇಳಿದ ಮೊದಲ ಪಾಠ: "ರಾತ್ರಿ ನಿಲ್ಲಿಸೋವಾಗ ಚಾಸಿ ಕೆಳಗೆ ದಿಮ್ಮಿ ಇಡಿ. ಇಲ್ಲಾಂದ್ರೆ ಬ್ಯಾಗ್ ಮಡಚಿಕೊಂಡು ಹರಿಯುತ್ತೆ. ನೀವು ಕೆಳಗೆ ಹೋಗೋವಾಗಂತೂ ಮರೀಬೇಡಿ."

ಅಣ್ಣ ಒಂದು ದಿನವೂ ಆ ದಿಮ್ಮಿ ಮುಟ್ಟಿದವನಲ್ಲ. ನಿಲ್ಲಿಸುತ್ತಿದ್ದ, ಇಳಿಯುತ್ತಿದ್ದ, ಹೋಗುತ್ತಿದ್ದ.

ಕಳೆದ ವರ್ಷ ಅವನ ದೇಹ ಕಲ್ಲು ಕ್ವಾರಿಯ ತಳದಲ್ಲಿ ಸಿಕ್ಕಿತು. ಗಾಡಿ ಮೇಲೆ ಅಂಚಿನಲ್ಲಿತ್ತು. ತಾನೇ ಹಾರಿದ ಎಂದು ಬರೆದು ಪೊಲೀಸರು ಫೈಲು ಮುಚ್ಚಿದರು. ಆ ಸಂಜೆ ಅತ್ತಿಗೆ ಅವನ ಜೊತೆ ಜಗಳವಾಡಿದ್ದರು. ಅಂದಿನಿಂದ ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ನನ್ ಮಾತಿಂದಲೇ ಹೋದ್ರಾ?" ಅನ್ನ ಬಿಟ್ಟಿದ್ದಾರೆ. ಗಾಡಿಯನ್ನು ನೋಡಲಾರೆ ಎಂದು ಕೀ ನನ್ನ ಕೈಗೆ ಹಾಕಿದರು.

ಫೈಲಿನ ಫೋಟೋ ಕೇಳಿ ಹನ್ನೊಂದು ತಿಂಗಳು ಅಲೆದೆ. ಮೊನ್ನೆ ಸಿಕ್ಕಿತು. ಬೆಳಗ್ಗೆ ಏಳೂ ಹತ್ತಕ್ಕೆ ತೆಗೆದದ್ದು. ಗಾಡಿ ನೆಟ್ಟಗೆ ನಿಂತಿದೆ. ಕೆಳಗಿನ ನೆರಳಿನಲ್ಲಿ ಎರಡು ಹಳದಿ ಚುಕ್ಕೆ!

ಸಾಯಲು ಹೊರಟವನು ಬ್ಯಾಗ್ ಹರಿಯಬಾರದೆಂದು ದಿಮ್ಮಿ ಇಡುತ್ತಾನೆಯೆ?

ಅಣ್ಣನಂತೂ ಇಡುವುದಿಲ್ಲ. ಇಡುವವನು ಈ ಊರಿನಲ್ಲಿ ಒಬ್ಬನೇ.

ಇನ್‌ಸ್ಪೆಕ್ಟರ್ ಹತ್ತಿರ ಹೋದೆ. ನಕ್ಕರು. "ಎರಡು ಮರದ ತುಂಡು ಹಿಡ್ಕೊಂಡು ಕೊಲೆ ಅಂತೀರಾ ಮೇಡಂ? ಅವನ ಬಾಯಲ್ಲಿ ಹೇಳಿಸಿ. ಬರ್ತೀನಿ."

ಸರಿ ಎಂದೆ.

ಭಾನುವಾರ ಮಧ್ಯಾಹ್ನ. ಗ್ಯಾರೇಜಿನಲ್ಲಿ ಮೇಷ್ಟ್ರು ಒಬ್ಬರೇ. ಫೋಟೋ ಕೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ, "ಹಿಂದಿನ ಬ್ಯಾಗ್ ಎಲ್ಲಿ ಲೀಕ್ ಅಂತ ಸೋಪಿನ ನೀರು ಹಾಕಿ ನೋಡ್ತೀರಾ? ನನಗೆ ಮೊಣಕಾಲು ಬಗ್ಗಲ್ಲ" ಎಂದು ಕೈ ತೊಳೆಯಲು ಹೋದರು.

ಹಾಗೆ ನಾನು ಕೆಳಗೆ. ಜೇಬಿನ ಫೋನಿನಲ್ಲಿ ಇನ್‌ಸ್ಪೆಕ್ಟರ್ ಕೇಳಿಸಿಕೊಳ್ಳುತ್ತಿದ್ದರು. ಡ್ರೈವರ್ ಬಾಗಿಲ ಪಕ್ಕ ಮೇಷ್ಟ್ರ ಚಪ್ಪಲಿ ಕಾಣುತ್ತಿತ್ತು.

ನಾಲ್ಕು ಬೆರಳು.

"ಅಣ್ಣ ಅವತ್ತು ಏನಂದ ಮೇಷ್ಟ್ರೇ?"

ಸುಸ್ಸ್...

"ಗುಜರಿಗೆ ಹಾಕ್ತೀನಿ ಅಂದ್ರು." ದನಿ ಮೆತ್ತಗಿತ್ತು. "ಮನೆಯವಳು ಹಟ ಹಿಡಿದಿದ್ದಾಳೆ, ಆ ಗುಜರಿ ಇರಲಿ ಇಲ್ಲ ನಾನಿರಲಿ ಅಂತಾಳೆ, ನಾಳೆ ಲಾರಿ ಬರುತ್ತೆ ಅಂದ್ರು. ಹದಿನೆಂಟು ವರ್ಷ ಅಮ್ಮಾ! ಇದರ ಒಂದೊಂದು ನಟ್ಟೂ ನನ್ ಕೈಯಲ್ಲಿ ಬಿಚ್ಚಿ ಹಾಕಿದ್ದು. ಕೊನೇ ಸಲ ಒಂದು ರೌಂಡ್ ಹೋಗೋಣ ಅಂತ ಕರ್ಕೊಂಡು ಹೋದೆ."

"ಕ್ವಾರಿಗೆ."

"ಕೈ ಮುಗಿದೆ. ನಕ್ಕುಬಿಟ್ರು. ತಗಡಿಗೆ ಯಾಕೆ ಅಳ್ತೀಯೋ ಅಂದ್ರು... ತಳ್ಳಿದೆ."

"ಆಮೇಲೆ?"

"ಗಾಡಿ ಹಾಗೇ ಬಿಟ್ಟು ಬರಬೇಕಲ್ಲ. ಬೆಳಗಾಗೋ ಹೊತ್ತಿಗೆ ವಾಲುತ್ತಿತ್ತು."

"ದಿಮ್ಮಿ ಇಟ್ರಿ."

"ಕೈ ತಾನಾಗೇ ಇಡ್ತು. ಒಂಬತ್ತು ಮೈಲಿ ನಡೆದು ಬಂದೆ. ಮೊಣಕಾಲು ಹೋಯ್ತು."

ಮೂರು ಬೆರಳು. ಎರಡು.

ಕಣ್ಣು ಮುಚ್ಚಲಿಲ್ಲ. ಚಾಸಿಗೆ ಅಂಟಿದ ಒಣ ಮಣ್ಣು ನೋಡುತ್ತಿದ್ದೆ. ಇದನ್ನು ತೊಳೆಸಬೇಕು ಎನ್ನಿಸಿತು. ಅಷ್ಟೇ ಎನ್ನಿಸಿತು.

ಠಪ್!

ಗಾಡಿ ನಿಂತಿತು.

ಮೇಲೆ ಸ್ವಿಚ್ ಒತ್ತಿದ ಸದ್ದು. ಮತ್ತೆ ಒತ್ತಿದ ಸದ್ದು.

"ದಿಮ್ಮಿ ಇಟ್ಟಿದ್ದೀರಾ?"

"ನೀವು ಕೈ ತೊಳೆಯೋಕೆ ಹೋದಾಗ."

"ಎರಡೂ ಕಡೆನಾ?"

"ಎರಡೂ ಕಡೆ."

"ಒಳ್ಳೇದು" ಎಂದರು ಮೇಷ್ಟ್ರು. ಅಭ್ಯಾಸಬಲ!

ಮರುಕ್ಷಣ ಚಪ್ಪಲಿ ಸರಿಯಿತು. ಕಬ್ಬಿಣ ಎತ್ತಿಕೊಂಡ ಸದ್ದು. ನಾನು ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಬಿಟ್ಟು ತೆವಳಿದೆ. ಕುರ್ತಾ ಸಿಕ್ಕಿಕೊಂಡು ಪರ್ ಎಂದಿತು. ಆಚೆ ಕಡೆ ಹೊರಬಂದು ಏಳುವಷ್ಟರಲ್ಲಿ ಮೊಳದುದ್ದದ ಸ್ಪ್ಯಾನರ್ ಕಿವಿಯ ಪಕ್ಕ ಹಾದು ಹೋಯಿತು. ಕಿಟಕಿಯ ಗ್ಲಾಸು ಪುಡಿ!

ಓಡಿದೆ. ಸಾಲಾಗಿ ಒರಗಿಸಿದ ಬಾಗಿಲುಗಳು, ತೂಗುಹಾಕಿದ ಎಂಜಿನ್, ಎಣ್ಣೆ ಡಬ್ಬಗಳು. ಹಿಂದೆ ಕುಂಟುವ ಹೆಜ್ಜೆ. ಠಕ್... ಎಳೆತ. ಠಕ್... ಎಳೆತ.

"ನಿಲ್ಲಿ ಅಮ್ಮಾ! ನಿಮಗೆ ಹೇಳಿಕೊಟ್ಟವನು ನಾನು!"

"ಅದಕ್ಕೇ ಓಡ್ತಿದೀನಿ!"

ಎಣ್ಣೆ ಡಬ್ಬವನ್ನು ಒದ್ದು ಚೆಲ್ಲಿದೆ. ಅವರು ಜಾರಿ ಬಿದ್ದರು. ಅಷ್ಟರಲ್ಲಿ ದೂರದಲ್ಲಿ ಜೀಪಿನ ಹಾರ್ನ್. ಮೇಷ್ಟ್ರು ತಲೆಯೆತ್ತಿದರು. ನನ್ನನ್ನು ನೋಡಿದರು. ಗೇಟು ನೋಡಿದರು. ತಮ್ಮ ಮೊಣಕಾಲು ನೋಡಿದರು.

ಅಲ್ಲಿ ಓಡುವ ಸ್ಥಿತಿಯಲ್ಲಿದ್ದ ಗಾಡಿ ಒಂದೇ. ನನ್ನದು.

ಹತ್ತಿ ಬಾಗಿಲು ಹಾಕಿಕೊಂಡರು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಅವರ ಕೈ ಅಂಥದು. ಗೇರ್ ಹಾಕಿ ಪೆಡಲ್ ಒತ್ತಿದರೆ ಸಾಕು. ದಿಮ್ಮಿ ಉರುಳುತ್ತಿತ್ತು, ಗಾಡಿ ಕುಸಿಯುತ್ತಿತ್ತು. ಬ್ಯಾಗ್ ನಾಲ್ಕೂ ಹರಿಯುತ್ತಿದ್ದವು. ಆದರೂ ಓಡುತ್ತಿತ್ತು!

ಓಡಿಸಲಿಲ್ಲ.

ಸ್ಟೀರಿಂಗ್ ಹಿಡಿದು ಕೂತರು. ಗಾಳಿ ತುಂಬುವ ಪಂಪು ಒಳಗೆ ಕಟಕಟ ಎನ್ನುತ್ತಿತ್ತು. ಹಳೆಯ ಪಂಪು. ಪೂರ್ತಿ ಏಳಲು ಆರು ನಿಮಿಷ ಬೇಕು.

ಒಡೆದ ಗ್ಲಾಸಿನ ಬಳಿ ಹೋಗಿ ನಿಂತೆ.

"ಹೋಗಲ್ವಾ ಮೇಷ್ಟ್ರೇ?"

"ಗಾಳಿ ತುಂಬಲಿ." ಕಣ್ಣು ಮೀಟರ್ ಮೇಲೆ. "ಹೀಗೇ ಎಳೆದ್ರೆ ಹರಿದುಹೋಗುತ್ತೆ."

"ಜೀಪ್ ಬಂತು."

"ಕಾಣ್ತಿದೆ."

ಇನ್‌ಸ್ಪೆಕ್ಟರ್ ಮೂರನೆಯ ನಿಮಿಷಕ್ಕೆ ಬಂದರು. ಮೇಷ್ಟ್ರು ತಾವೇ ಕೀ ತಿರುಗಿಸಿದರು. ಇಳಿದರು. ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿ ಮುಂದೆ ಚಾಚಿದರು. ಜೀಪು ಹತ್ತುವ ಮೊದಲು ತಿರುಗಿದರು. "ಹಿಂದಿನ ಎಡಗಡೇದು ಬದಲಾಯಿಸಿಬಿಡಿ ಅಮ್ಮಾ. ಮುಂದಿನವು ಇನ್ನೂ ಒಂದು ವರ್ಷ ಬರ್ತವೆ."

ಅಲ್ಲಿಂದಲೇ ಅತ್ತಿಗೆಗೆ ಫೋನ್ ಮಾಡಿದೆ.

"ಅಣ್ಣ ಹಾರಲಿಲ್ಲ ಅತ್ತಿಗೆ. ಮೇಷ್ಟ್ರು ತಳ್ಳಿದ್ದು. ಒಪ್ಕೊಂಡ್ರು."

ಅತ್ತಿಗೆ ಮೊದಲು ಕೇಳಿದ್ದು ಅದನ್ನೇ.

"ಹಾಗಾದ್ರೆ... ನನ್ ಮಾತಿಂದ ಅಲ್ವಾ?"

ಗುಜರಿ ಇರಲಿ ಇಲ್ಲ ನಾನಿರಲಿ ಎಂದಿದ್ದವರು ಅವರೇ. ಮಾತನ್ನು ತೂಗಿ ಆಡುವವಳು ನಾನು. ಈ ಸಲ ತೂಗಲಿಲ್ಲ.

"ಅಲ್ಲ. ನಿಮ್ ವಿಷಯನೇ ಬರಲಿಲ್ಲ. ಊಟ ಮಾಡಿ."

ಸುಳ್ಳು ಹಿಡಿಯುವುದಕ್ಕೆ ನನಗೆ ಸಂಬಳ ಎಂದೆನಲ್ಲ? ಹೇಳಿದ್ದು ಪುಕ್ಕಟೆ. ಇನ್‌ಸ್ಪೆಕ್ಟರ್‌ಗೂ ಹೇಳಿಬಿಟ್ಟೆ, ಆ ಮಾತು ಅತ್ತಿಗೆಯ ಕಿವಿಗೆ ಬೀಳಬಾರದೆಂದು. ತಲೆಯಾಡಿಸಿದರು.

ಗಾಡಿ ಇನ್ನೂ ನನ್ನ ಹತ್ತಿರವೇ ಇದೆ. ದಿನಾ ದಿಮ್ಮಿ ಇಡುತ್ತೇನೆ. ಈಗ ನೋಡಿ, ಹೊಸ ಮೆಕ್ಯಾನಿಕ್ ಹುಡುಕುತ್ತಿದ್ದೇನೆ. ನಿಮಗೆ ಯಾರಾದರೂ ಗೊತ್ತೇ?

ಕೈ ಚೆನ್ನಾಗಿರಬೇಕು. ಗಾಡಿಯ ಮೇಲೆ ಪ್ರೀತಿ ಸ್ವಲ್ಪ ಕಡಿಮೆಯಿದ್ದರೆ ಒಳ್ಳೆಯದು!